ಕದಳೀವನದ ಯಾತ್ರೆ: ಅಂದಿನ ಕ್ಷೇತ್ರ, ಇಂದಿನ ಸಾಧನೆ



ಪುರಾತನವಾದ ಗಿರಿವನಕ್ಷೇತ್ರಗಳಲ್ಲಿ ಇಂದಿನ ಕಾಲದವರು ನಡೆಸುತ್ತಿರುವ ಸಾಧನೆಯೆಂಥದು ಎಂಬುದು ಈ ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಗೊತ್ತುಪಡಿಸಿದ ವಿಷಯ. ಭರತಖಂಡದಲ್ಲಿ ಇಂತಹ ಗಿರಿಗಳೂ ವನಗಳೂ ಲೆಕ್ಕಕ್ಕೆ ಮೀರಿವೆ. ಎಲ್ಲವನ್ನೂ ಮುಟ್ಟಿ ಯಾವುದನ್ನೂ ನೋಡದೆ ಬರುವುದಕ್ಕಿಂತ ಒಂದನ್ನು ಹಿಡಿದು ನಿಂತು ನೋಡುವುದು ಲೇಸು. ಆದಕಾರಣ ಶ್ರೀಶೈಲವನ್ನೂ ಅದರ ಮಡಿಲಲ್ಲಿರುವ ಕದಳೀವನವನ್ನೂ ಇಲ್ಲಿ ಆರಿಸಿಕೊಳ್ಳಲಾಗಿದೆ. ವರ್ಷವರ್ಷವೂ ಕನ್ನಡನಾಡಿನಿಂದ ಅಸಂಖ್ಯ ಭಕ್ತರು ಅಲ್ಲಿಗೆ ಹೋಗಿಬರುತ್ತಾರೆ. ಹೊರಡುವ ಮುನ್ನ ಮಠಕ್ಕೆ ಬಂದು ಭಸ್ಮವನ್ನು ಪಡೆಯುವಾಗ ಅವರಲ್ಲಿ ಕೆಲವರಾದರೂ ಕೇಳುವ ಪ್ರಶ್ನೆಯೊಂದುಂಟು. ಅಂಗೈಯಲ್ಲಿ ಇಷ್ಟಲಿಂಗವಿರುವಾಗ ಗುಡ್ಡದ ಗವಿಯನ್ನು ಅರಸಿಕೊಂಡು ಹೋಗುವುದೇಕೆ? ಇದಕ್ಕೆ ಉತ್ತರ ಹೇಳುವವರು ಬಹುಮಂದಿ ಇದ್ದಾರೆ. ಹೋದ ಮೇಲೆ ಅಲ್ಲಿ ಮಾಡತಕ್ಕುದೇನು, ಮಾಡಬಾರದುದೇನು ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವವರೇ ವಿರಳ. ಈ ಉಪನ್ಯಾಸಕ್ಕೆ ಆ ಎರಡನೆಯದೇ ಮುಖ್ಯ.

ಶ್ರೀಶೈಲವು ನಲ್ಲಮಲೆಯ ಗುಡ್ಡಗಳ ನಡುವೆ, ಆಂಧ್ರದೇಶದ ಈಗಿನ ನಂದ್ಯಾಲ ಜಿಲ್ಲೆಯಲ್ಲಿದೆ. ಅದರ ಬುಡದಲ್ಲಿ ಆಳವಾದ ಕಣಿವೆಯನ್ನು ಕೊರೆದುಕೊಂಡು ಕೃಷ್ಣೆಯು ಹರಿಯುವಳು. ಅಲ್ಲಿ ಅವಳಿಗೆ ಪಾತಾಳಗಂಗೆಯೆಂದು ಹೆಸರು. ಮಹಾಕ್ಷೇತ್ರಕ್ಕೆ ನಾಲ್ಕು ಬಾಗಿಲುಗಳನ್ನು ಹೇಳುವುದು ವಾಡಿಕೆ: ಮೂಡಲಿಗೆ ತ್ರಿಪುರಾಂತಕ, ತೆಂಕಲಿಗೆ ಸಿದ್ಧವಟ, ಪಡುವಲಿಗೆ ಅಲಂಪುರ, ಬಡಗಲಿಗೆ ಉಮಾಮಹೇಶ್ವರ. ಈ ನಾಲ್ಕರ ನಡುವಣ ಅಂತರವನ್ನು ನಡೆದು ಕಂಡವನಿಗೆ ಒಂದು ಸಂಗತಿ ತಾನೇ ಹೊಳೆಯುತ್ತದೆ. ಬಾಗಿಲಿನಿಂದ ಗರ್ಭಗುಡಿಗೆ ಹೋಗಬೇಕಾದರೆ ದಿನಗಟ್ಟಲೆ ಅಡವಿಯನ್ನು ಹಾಯಬೇಕು. ಅಂದರೆ ಹಿಂದಿನವರ ಎಣಿಕೆಯಲ್ಲಿ ಗುಡಿಯೆಂಬುದು ಕಲ್ಲಿನ ಗೋಡೆಯೊಳಗಿನದಷ್ಟೇ ಆಗಿರಲಿಲ್ಲ. ಅಡವಿಯೇ ಅದರ ಪ್ರಾಕಾರ, ಅಡವಿಯೇ ಅದರ ಮುಖಮಂಟಪ. ೧೩ನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ‘ಪಂಡಿತಾರಾಧ್ಯಚರಿತ್ರ’ದಲ್ಲಿ ಪರ್ವತಪ್ರಕರಣವೆಂದೇ ಒಂದು ಭಾಗವಿದ್ದು, ಶಿವರಾತ್ರಿಗೆ ಗುಂಪುಗುಂಪಾಗಿ ಬರುವ ಯಾತ್ರಿಕರ ಆಯಾಸ, ಉತ್ಸಾಹ, ಹಾಡು, ಹರಕೆಗಳೆಲ್ಲ ಈ ಗಿರಿಯ ಮಹಿಮೆಯೊಡನೆಯೇ ಹೆಣೆದುಕೊಂಡಿವೆ. ಅಲ್ಲಿಗೆ ಜನಜಂಗುಳಿ ಸೇರುವುದು ಹೊಸತೆಂದು ಯಾರೂ ತಿಳಿಯಬೇಕಾದುದಿಲ್ಲ.

ಇಂತಹ ಗಿರಿಗೆ ೧೨ನೆಯ ಶತಮಾನದಲ್ಲಿ ಉಡುತಡಿಯ ಮಹಾದೇವಿಯಕ್ಕನವರು ಬಂದರು. ಅರಮನೆಯನ್ನು ಬಿಟ್ಟು, ಕಲ್ಯಾಣಕ್ಕೆ ಹೋಗಿ, ಅಲ್ಲಮಪ್ರಭುವಿನ ಕಠಿನವಾದ ಪ್ರಶ್ನೆಗಳಿಗೆ ಅನುಭವಮಂಟಪದಲ್ಲಿ ಉತ್ತರವಿತ್ತು, ಶರಣರ ಮನ್ನಣೆಯನ್ನು ಪಡೆದ ತರುವಾಯವೂ ಅವರು ಅಲ್ಲಿ ನಿಲ್ಲಲಿಲ್ಲ. ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಶ್ರೀಶೈಲಕ್ಕೆ ನಡೆದರು, ಕದಳಿಯಲ್ಲಿ ಐಕ್ಯರಾದರು ಎಂಬುದು ಸಂಪ್ರದಾಯದ ಮಾತು. ಹರಿಹರನ ರಗಳೆಯಿಂದ ಮೊದಲ್ಗೊಂಡು ಕವಿಗಳು ಈ ಕಥೆಯನ್ನು ಹಾಡುತ್ತ ಬಂದಿದ್ದಾರೆ. ದಾರಿಯಲ್ಲಿ ಅವರು ಗಿಳಿ, ಕೋಗಿಲೆ, ದುಂಬಿ, ನವಿಲುಗಳನ್ನು ಕರೆದು ನಲ್ಲನ ಸುಳಿವನ್ನು ಕೇಳಿದ ವಚನವು ಓದುಬರಹವಿಲ್ಲದವರಿಗೂ ಬಾಯಿಪಾಠವಾಗಿದೆ. ಇಲ್ಲಿ ಗಮನಿಸತಕ್ಕದ್ದು ಒಂದು. ಅವರು ಕಾಡಿನ ಪ್ರಾಣಿಪಕ್ಷಿಗಳನ್ನು ತಮ್ಮ ಭಕ್ತಿಗೆ ಸಾಕ್ಷಿಯಾಗಿ ನಿಲ್ಲಿಸಲಿಲ್ಲ. ತಮಗಿಂತ ಮೊದಲೇ ಅಲ್ಲಿದ್ದವರೆಂದು ಬಗೆದು ಅವುಗಳನ್ನು ದಾರಿ ಕೇಳಿದರು.

ಕದಳಿಯೆಂದರೆ ಬಾಳೆ. ಬಾಳೆಯ ದಿಂಡಿನ ಪದರವನ್ನು ಒಂದೊಂದಾಗಿ ಸುಲಿಯುತ್ತ ಹೋದರೆ ತಿರುಳೆಂಬುದು ಕೊನೆಗೂ ಸಿಗುವುದಿಲ್ಲ. ಅದರಿಂದಲೇ ಸಂಸ್ಕೃತದ ಶಾಸ್ತ್ರಕಾರರು ಸಂಸಾರದ ನಿಸ್ಸಾರತೆಗೆ ಕದಳೀಗರ್ಭವನ್ನು ಉಪಮಾನವಾಗಿ ಹೇಳುತ್ತ ಬಂದರು. ಒಮ್ಮೆ ಗೊನೆಬಿಟ್ಟು ಒರಗುವುದೂ ಬಾಳೆಯ ಗುಣವೇ. ಅಕ್ಕನವರಂತೂ ಒಂದು ವಚನದಲ್ಲಿ ಕದಳಿಯನ್ನು ಹೊರಗಿನ ಬನವಾಗಿ ಹೇಳದೆ, ಸಾಧಕನು ಗೆದ್ದು ದಾಟಿಬರಬೇಕಾದ ಒಳಗಿನ ಗಹನವಾಗಿ ಅರ್ಥಮಾಡಿದ್ದಾರೆ. ಹಾಗಿದ್ದ ಮೇಲೆ ಹೊರಗಿನ ಕದಳಿಗೆ ಹೊರಟವನ ಕೈಯಲ್ಲಿ ಎರಡು ದಾರಿಗಳಿವೆಯೆಂದಾಯಿತು. ಒಂದು ಕಾಲಿನದು, ಇನ್ನೊಂದು ಕಾಲಿಗೆ ಎಟುಕದ್ದು. ವಿನೋದದ ಮಾತಾದರೂ ಹೇಳಬೇಕು: ಮೊದಲ ಸಲ ಹೋದವರು ಅಲ್ಲಿ ಬಾಳೆಯ ತೋಟವನ್ನು ಹುಡುಕುತ್ತಾರೆ. ನಲ್ಲಮಲೆಯು ಮುಖ್ಯವಾಗಿ ತೇಗ, ಮತ್ತಿ, ಬಿದಿರುಗಳ ಕಾಡು. ಚಳಿಗಾಲ ಕಳೆದೊಡನೆ ಎಲೆಯುದುರಿಸಿ ಬೋಳಾಗಿ ನಿಲ್ಲುವ ಒಣಕಾಡು. ಕಣ್ಣಿಗೆ ತಂಪಾದ ಕದಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವನಿಗೆ ಕಾಣುವುದು ಕಾದ ಬಂಡೆ, ತರಗೆಲೆ, ಮುಳ್ಳು.

ಈಗ ಕಾಲಾಂತರದಲ್ಲಿ ಆದ ಬದಲಾವಣೆಗಳಿಗೆ ಬರಬೇಕು. ಅವುಗಳಲ್ಲಿ ದೊಡ್ಡದು ನೀರಿನದು. ಕೃಷ್ಣೆಗೆ ಶ್ರೀಶೈಲದ ಬಳಿ ಅಣೆಕಟ್ಟಿನ ಕೆಲಸವು ೧೯೬೦ರಲ್ಲಿ ಮೊದಲಾಗಿ ೧೯೮೧ರಲ್ಲಿ ಮುಗಿಯಿತು. ಹಿನ್ನೀರು ಕಣಿವೆಯನ್ನೆಲ್ಲ ತುಂಬಿ ಹಿಂದಕ್ಕೆ ಹಬ್ಬಿತು. ಊರುಗಳು ಮುಳುಗಿದವು, ಗುಡಿಗಳಲ್ಲಿ ಕೆಲವನ್ನು ಕಲ್ಲುಕಲ್ಲಾಗಿ ಬಿಚ್ಚಿ ಎತ್ತರದ ನೆಲಕ್ಕೆ ಸಾಗಿಸಿದರು. ಮಹಾದ್ವಾರಗಳಲ್ಲದೆ ಶ್ರೀಶೈಲಕ್ಕೆ ಉಪದ್ವಾರಗಳೆಂದು ಹೇಳುವ ನಾಲ್ಕು ಸ್ಥಳಗಳಿವೆ. ಅವುಗಳಲ್ಲಿ ಏಲೇಶ್ವರವು ಇದಕ್ಕೂ ಮೊದಲೇ ನಾಗಾರ್ಜುನಸಾಗರದ ನೀರಿಗೆ ಸೇರಿತ್ತು. ವಾಯವ್ಯದ ಸಂಗಮೇಶ್ವರವು ಶ್ರೀಶೈಲದ ಹಿನ್ನೀರಿಗೆ ಸಿಕ್ಕಿತು. ಆದರೆ ಸಂಗಮೇಶ್ವರದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೇಸಿಗೆಯಲ್ಲಿ ಜಲಾಶಯವು ಇಳಿದಾಗ ಗುಡಿಯು ಮೆಲ್ಲನೆ ಮೇಲೆದ್ದು ಕಾಣಿಸಿಕೊಳ್ಳುವುದು. ಜನರು ಕೆಸರನ್ನು ತೊಳೆದು, ಅಲ್ಲಿಯ ಮರದ ಲಿಂಗಕ್ಕೆ ಪೂಜೆ ಸಲ್ಲಿಸುವರು. ಮಳೆ ಬಿದ್ದು ಹೊಳೆ ಏರಿದೊಡನೆ ಕೊನೆಯ ಆರತಿಯನ್ನೆತ್ತಿ ದೋಣಿಯಲ್ಲಿ ಹಿಂದಿರುಗುವರು. ಜಾತ್ರೆಯ ದಿನವನ್ನು ಪಂಚಾಂಗವಲ್ಲ, ನೀರೇ ಗೊತ್ತುಮಾಡುವ ಕ್ಷೇತ್ರವದು. ಅಲ್ಲಿಯ ಜನರು ನೀರಿನೊಡನೆ ಜಗಳಕ್ಕೆ ನಿಲ್ಲದೆ ಬಿಟ್ಟಷ್ಟು ದಿನ ಪೂಜಿಸಿ ಮಿಕ್ಕ ದಿನಗಳಲ್ಲಿ ದಡದಿಂದಲೇ ಕೈಮುಗಿಯುವ ರೀತಿಯನ್ನು ಕಲಿತರು. ಈ ನಡತೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತುಗಳು ಸುಲಭವಾದಾವು.

ಆ ಹಿನ್ನೀರೇ ಕದಳಿಗೆ ಹೊಸ ದಾರಿಯನ್ನೂ ತೆರೆಯಿತು. ಪಾತಾಳಗಂಗೆಯಿಂದ ಯಂತ್ರದ ದೋಣಿಯನ್ನೇರಿ ಹೊಳೆಯ ಮೇಲ್ಮುಖವಾಗಿ ಹೋದರೆ ಅಕ್ಕಮಹಾದೇವಿಯ ಗವಿಯ ಬುಡಕ್ಕೆ ಇಳಿಯಬಹುದು. ದಿನಗಟ್ಟಲೆ ಅಡವಿಯಲ್ಲಿ ತೆವಳಿ ಮುಟ್ಟಬೇಕಾದ ಎಡೆಯು ಬೆಳಗ್ಗೆ ಹೊರಟು ಸಂಜೆಗೆ ಮರಳುವಷ್ಟು ಹತ್ತಿರವಾಯಿತು. ಇದಕ್ಕೂ ಮುಂಚೆ ಇನ್ನೊಂದು ಕಾರ್ಯ ನಡೆದಿತ್ತು. ೧೯೨೩ರಲ್ಲಿ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಅಚ್ಚುಹಾಕಿಸಿದ ತರುವಾಯ ಓಲೆಗರಿಯ ಕಟ್ಟುಗಳಲ್ಲಿದ್ದ ಶರಣರ ನುಡಿಗಳು ಮನೆಮನೆಯ ಗೂಡಿಗೆ ಬಂದವು. ಅಕ್ಕನವರ ನುಡಿಯನ್ನು ಓದಿದವರಿಗೆ ಅವರ ಕದಳಿಯನ್ನು ಕಾಣುವ ಹಂಬಲ ಹುಟ್ಟುವುದು ಸಹಜ. ಅಚ್ಚಿನ ಪುಸ್ತಕವು ಹಂಬಲವನ್ನು ಕೊಟ್ಟಿತು, ಅಣೆಕಟ್ಟು ದೋಣಿಯನ್ನು ಕೊಟ್ಟಿತು ಎಂದರೆ ಸಲ್ಲುವುದು.

ದೋಣಿಯವರ ವಿಚಾರಕ್ಕೆ ಮೊದಲು ನಡೆಯುವವರ ವಿಚಾರ. ಯುಗಾದಿಗೆ ಮುನ್ನ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ, ರಾಯಚೂರು ಸೀಮೆಗಳಿಂದ ಭಕ್ತರು ಕಾಲ್ನಡೆಯಿಂದ ಹೊರಡುತ್ತಾರೆ. ಮಲ್ಲಯ್ಯನ ಕಂಬಿ ಮುಂದೆ, ಊರಿನವರು ಹಿಂದೆ. ಕೆಲವರು ಹರಕೆಯಿಂದ ಮರಗಾಲು ಕಟ್ಟಿಕೊಂಡು ನಡೆಯುವುದುಂಟು. ಭ್ರಮರಾಂಬೆಯನ್ನು ಕನ್ನಡನಾಡಿನ ಮನೆಮಗಳೆಂದು ತಿಳಿದು ಅವಳಿಗೆ ಸೀರೆ, ಅರಿಷಿಣ, ಕುಂಕುಮಗಳನ್ನು ಕಟ್ಟಿಕೊಂಡು ಹೋಗುವರು. ಮಗಳ ಮನೆಗೆ ಬರಿಗೈಯಲ್ಲಿ ಹೋಗುವವರುಂಟೇ! ಹಾದಿಯ ಊರಿನವರು ಅವರನ್ನು ತಡೆದು ರೊಟ್ಟಿ ಬಡಿಸಿ, ಮಜ್ಜಿಗೆ ಕೊಟ್ಟು, ಬಿಸಿನೀರಿನಿಂದ ಕಾಲು ತೊಳೆದು, ಗುಳ್ಳೆಯೆದ್ದ ಅಂಗಾಲಿಗೆ ಎಣ್ಣೆ ತಿಕ್ಕುವರು. ಮನೆಯಲ್ಲಿ ಕುಳಿತು ದಾಸೋಹದ ಮೇಲೆ ಗ್ರಂಥವನ್ನು ಓದುವುದಕ್ಕಿಂತ ಈ ಹಾದಿಯ ಬದಿಯಲ್ಲಿ ಒಂದು ಗಳಿಗೆ ನಿಲ್ಲುವುದು ಮೇಲೆನಿಸುವುದು. ಆತ್ಮಕೂರು ದಾಟಿ ವೆಂಕಟಾಪುರದಿಂದ ಕಾಡು ಮೊದಲಾಗುತ್ತದೆ. ನಾಗಲೂಟಿಯ ವೀರಭದ್ರನಿಗೆ ಕೈಮುಗಿದು, ಪೆದ್ದಚೆರುವಿನ ದಂಡೆಯಲ್ಲಿ ದಣಿವಾರಿಸಿಕೊಂಡು, ಭೀಮನ ಕೊಳದ ಕಡಿದಾದ ಕಣಿವೆಯನ್ನು ಇಳಿದು ಹತ್ತಿ, ಕೈಲಾಸದ್ವಾರದಲ್ಲಿ ಗಿರಿಯನ್ನು ಸೇರುತ್ತಾರೆ. ಮೈಮೇಲಿನ ಧೂಳನ್ನು ಕೊಡಹದೆಯೇ ಹೋಗಿ ಲಿಂಗವನ್ನು ಮುಟ್ಟುವುದಕ್ಕೆ ಧೂಳಿದರ್ಶನವೆಂದು ಹೆಸರು. ನಡೆದು ಬಂದವನ ಧೂಳು ಮೈಲಿಗೆಯಲ್ಲವೆಂದು ಒಪ್ಪಿಕೊಂಡ ಕ್ಷೇತ್ರವಿದು. ಜಾತಿಯನ್ನು ಕೇಳದೆ ಎಲ್ಲರಿಗೂ ಲಿಂಗಸ್ಪರ್ಶವನ್ನು ಕೊಟ್ಟ ಹಿರಿಮೆಯೂ ಇದಕ್ಕೆ ಸಲ್ಲುವುದು. ಈಚೆಗೆ ಜನಸಂದಣಿ ಮಿತಿಮೀರಿದ ದಿನಗಳಲ್ಲಿ ಸ್ಪರ್ಶವನ್ನು ನಿಲ್ಲಿಸಿ ದೂರದ ದರ್ಶನವನ್ನಷ್ಟೇ ಕೊಡುವರು. ಇದು ನಡೆದುಬಂದವರಿಗೆ ಬಹಳ ನೋವಿನ ಮಾತು.

ಈ ನಡಿಗೆಯು ಹಳೆಯದು, ಆದರೆ ನಡೆಯುವವರ ಹೆಗಲ ಗಂಟು ಹೊಸದು. ಮುತ್ತುಗದ ಎಲೆಯಿದ್ದೆಡೆಯಲ್ಲಿ ಪ್ಲಾಸ್ಟಿಕ್ಕಿನ ತಟ್ಟೆ, ತಂಬಿಗೆಯಿದ್ದೆಡೆಯಲ್ಲಿ ಬಾಟಲಿ ಬಂದಿವೆ. ಎಲೆಯನ್ನು ಎಸೆದರೆ ಗೆದ್ದಲು ತಿಂದು ಮಣ್ಣುಮಾಡುತ್ತಿತ್ತು. ಇದನ್ನು ಯಾವ ಗೆದ್ದಲೂ ಮುಟ್ಟದು. ಫಾಲ್ಗುಣ ಚೈತ್ರಗಳಲ್ಲಿ ಆ ಕಾಡೆಲ್ಲ ಒಣಗಿದ ಎಲೆಯ ಹಾಸಿಗೆಯಾಗಿರುವುದರಿಂದ ಆರಿಸದೆ ಬಿಟ್ಟ ಒಲೆಯ ಕೆಂಡವೊಂದು, ಬೀಡಿಯ ತುಣುಕೊಂದು ಗುಡ್ಡವನ್ನೇ ಸುಡಬಲ್ಲುದು. ಯಾತ್ರಿಕರು ತಂಗುವ ಕೆರೆಯ ನೀರನ್ನೇ ಜಿಂಕೆಯೂ ಹುಲಿಯೂ ನಂಬಿಕೊಂಡಿವೆ. ದಾಸೋಹವೆಂಬ ಶಬ್ದವನ್ನು ಎಷ್ಟು ದೂರ ಎಳೆಯಬಹುದು ಎಂದು ಪಾಠಶಾಲೆಗಳಲ್ಲಿ ಚರ್ಚಿಸುವುದುಂಟು. ಕೆರೆಯ ನೀರನ್ನು ಕೆಡಿಸದೆ ಮುಂದಿನ ಪ್ರಾಣಿಗೆ ಬಿಟ್ಟುಹೋಗುವುದು ಅದರೊಳಗೆ ನಿಶ್ಚಯವಾಗಿಯೂ ಸೇರುವುದು.

ಕದಳಿಗೆ ಬರುವವರು ಶರಣಮಾರ್ಗದವರು ಮಾತ್ರವಲ್ಲ ಎಂಬುದನ್ನು ಬಹುಮಂದಿ ಅರಿಯರು. ಕಲಬುರಗಿಯ ಸೀಮೆಯಲ್ಲಿ ಭೀಮಾ ಅಮರಜಾ ನದಿಗಳ ಸಂಗಮದ ಗಾಣಗಾಪುರದಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಯವರು ಕಡೆಗೆ ಶ್ರೀಶೈಲಕ್ಕೆ ಬಂದು, ಪಾತಾಳಗಂಗೆಯಲ್ಲಿ ಹೂವಿನ ಆಸನದ ಮೇಲೆ ಕುಳಿತು ಕದಳೀವನದತ್ತ ಅದೃಶ್ಯರಾದರೆಂದು ಮರಾಠಿಯ ‘ಗುರುಚರಿತ್ರೆ’ಯು ಹೇಳುತ್ತದೆ. ಅವರೇ ಹುತ್ತದಿಂದ ಹೊರಬಂದು ಅಕ್ಕಲಕೋಟೆಯ ಸ್ವಾಮಿಗಳಾಗಿ ತೋರಿದರೆಂದು ದತ್ತಸಂಪ್ರದಾಯದವರ ನಂಬುಗೆ. ಆದುದರಿಂದ ಮಹಾರಾಷ್ಟ್ರದಿಂದ ತಂಡತಂಡವಾಗಿ ಬಂದು, ಕರ್ದಳೀವನದ ಪರಿಕ್ರಮವೆಂದು ಕೆಲವು ದಿನಗಳ ಯಾತ್ರೆಯನ್ನು ಮಾಡುವ ರೂಢಿಯು ಈಚಿನ ದಶಕಗಳಲ್ಲಿ ಬಲವಾಗಿ ಬೆಳೆದಿದೆ. ಒಂದೇ ದೋಣಿಯಲ್ಲಿ ಒಬ್ಬನು ಚೆನ್ನಮಲ್ಲಿಕಾರ್ಜುನನ ಹೆಸರನ್ನು ಹೇಳುತ್ತಿದ್ದರೆ ಪಕ್ಕದವನು ದತ್ತನಾಮವನ್ನು ಜಪಿಸುತ್ತಿರುವನು. ಈ ವನವು ಯಾರದೆಂದು ಇಬ್ಬರೂ ವಾದಕ್ಕಿಳಿದರೆ ನಗುವುದಕ್ಕೆ ಮೂರನೆಯವನು ಅಲ್ಲಿಯೇ ಇದ್ದಾನೆ. ಅವನ ಸುದ್ದಿ ಮುಂದೆ ಬರುವುದು.

ಅಕ್ಕನ ಗವಿಯು ಮನುಷ್ಯನು ಕೊರೆದುದಲ್ಲ. ಬಂಡೆಯು ತಾನೇ ಬಿಟ್ಟುಕೊಟ್ಟ ಎಡೆ. ಮುಂಭಾಗದಲ್ಲಿ ಆಧಾರಗಂಬವಿಲ್ಲದೆ ಬಾಗಿ ನಿಂತ ಕಲ್ಲಿನ ಕಮಾನು ನೋಡಿದವರನ್ನು ಬೆರಗುಗೊಳಿಸುವಂಥದು. ಒಳಕ್ಕೆ ಹೋದಂತೆ ಗವಿಯು ಕಿರಿದಾಗುತ್ತ, ಕತ್ತಲಾಗುತ್ತ, ಕಡೆಗೆ ಒಬ್ಬರ ಹಿಂದೊಬ್ಬರು ತಲೆಬಾಗಿ, ಮೈಯನ್ನು ಓರೆಮಾಡಿ ನುಸುಳಬೇಕು. ತುದಿಯಲ್ಲಿ ಲಿಂಗವಿದೆ. ಅಕ್ಕನವರು ಕುಳಿತು ಶಿವಯೋಗವನ್ನು ಸಾಧಿಸಿದ ಸ್ಥಾನವಿದೆಂದು ಪರಂಪರೆಯು ಹೇಳುವುದು. ಇಲ್ಲಿಗೆ ಈಗ ಬರುವವರಲ್ಲಿ ಪೂಜೆಗೆಂದು ಬರುವವರಿದ್ದಾರೆ, ಧ್ಯಾನಕ್ಕೆಂದು ಬರುವವರಿದ್ದಾರೆ, ನೋಡಿಹೋಗಲೆಂದು ಬರುವವರೂ ಇದ್ದಾರೆ. ಮೂವರನ್ನೂ ಒಂದೇ ದೋಣಿ ತರುವುದು, ಒಂದೇ ದೋಣಿ ಕರೆದೊಯ್ಯುವುದು. ದೋಣಿಯ ಹೊತ್ತಿಗೆ ಮರಳಬೇಕಾದುದರಿಂದ ಒಬ್ಬೊಬ್ಬನಿಗೆ ಲಿಂಗದ ಮುಂದೆ ಸಿಗುವುದು ಕೆಲವೇ ಕ್ಷಣಗಳು. ಆ ಕ್ಷಣಗಳನ್ನು ಹೇಗೆ ಕಳೆಯುತ್ತಾರೆಂಬುದರಲ್ಲಿಯೇ ಇಂದಿನ ಸಾಧನೆಯ ಸ್ವರೂಪವೆಲ್ಲ ಕಾಣುವುದು. ಒಬ್ಬನು ಕರ್ಪೂರವನ್ನು ಹಚ್ಚುತ್ತಾನೆ. ಗಾಳಿಯಾಡದ ಗವಿಯಲ್ಲಿ ಹೊಗೆಯು ಹಿಂದಿನವನ ಕಣ್ಣಿಗೆ ತುಂಬುತ್ತದೆ. ಮತ್ತೊಬ್ಬನು ಮೊಬೈಲಿನ ದೀಪವನ್ನೆತ್ತಿ ಚಿತ್ರವನ್ನು ತೆಗೆಯುತ್ತಾನೆ. ಕತ್ತಲೆಯನ್ನರಸಿ ಅಷ್ಟು ದೂರ ಬಂದವನು ತಲುಪಿದೊಡನೆ ಮಾಡುವ ಮೊದಲ ಕೆಲಸವೇ ಕತ್ತಲೆಯನ್ನು ಓಡಿಸುವುದು!

ಧ್ಯಾನಕ್ಕೆಂದು ಬರುವವರ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇವರಲ್ಲಿ ಓದಿದವರು ಹೆಚ್ಚು. ಗುಡಿಯ ಗಂಟೆ, ನೂಕುನುಗ್ಗಲುಗಳಿಂದ ಬೇಸತ್ತವರು. ನಿಸರ್ಗದಲ್ಲಿ ಶಕ್ತಿಯಿದೆ, ಇಂತಿಂತಹ ಎಡೆಗಳಲ್ಲಿ ಅದು ಸಾಂದ್ರವಾಗಿದೆ, ಅಲ್ಲಿ ಕುಳಿತರೆ ಅದು ಮೈಗೆ ಹತ್ತುವುದೆಂದು ನಂಬಿದವರು. ಇವರನ್ನು ಹಾಸ್ಯಮಾಡುವುದು ಸಲ್ಲದು. ಊರಿನ ಗದ್ದಲದಿಂದ ತಪ್ಪಿಸಿಕೊಂಡು ಒಂದು ಗಳಿಗೆ ಸುಮ್ಮನೆ ಕುಳಿತೇನೆಂಬ ಆಸೆಯು ದೊಡ್ಡದೇ. ಆದರೆ ಸ್ಥಳದಿಂದ ಏನನ್ನೋ ಪಡೆದುಕೊಂಡು ಹೋಗುವೆನೆಂಬ ಬುದ್ಧಿಯಿದೆಯಲ್ಲ, ಅದು ಅಂಗಡಿಯ ಬುದ್ಧಿ. ಬೇಡಿದ ವರವನ್ನು ಕೊಡೆಂದು ಹರಕೆ ಹೊರುವ ಹಳ್ಳಿಗನೂ, ಶಕ್ತಿಯನ್ನು ಕೊಡೆಂದು ಕಣ್ಣುಮುಚ್ಚಿ ಕುಳಿತ ಪಟ್ಟಣಿಗನೂ ಈ ಒಂದು ವಿಷಯದಲ್ಲಿ ನೆರೆಹೊರೆಯವರೇ ಸರಿ. ಹಳ್ಳಿಗನು ಹರಕೆಯನ್ನಾದರೂ ತೀರಿಸಿ ಬರುತ್ತಾನೆ. ಅಕ್ಕನವರು ಕದಳಿಗೆ ಬಂದುದು ಪಡೆಯುವುದಕ್ಕಲ್ಲ. ಉಳಿದುದನ್ನೂ ಬಿಡುವುದಕ್ಕೆ ಬಂದರು.

ಹಾಗಾದರೆ ಇಷ್ಟಲಿಂಗಧಾರಿಯು ಅಲ್ಲಿಗೆ ಹೋಗಕೂಡದೆ ಎಂದರೆ, ಹೋಗಬಹುದು. ಹೋಗುವುದಕ್ಕೆ ಅವನಷ್ಟು ತಕ್ಕವನು ಇನ್ನೊಬ್ಬನಿಲ್ಲ. ಇದು ಅಭಿಮಾನದ ಮಾತಲ್ಲ, ಪೂಜಾಕ್ರಮದ ಮಾತು. ಅವನು ಪೂಜಿಸುವ ಲಿಂಗವನ್ನು ಅವನೇ ಹೊತ್ತು ತಂದಿರುತ್ತಾನೆ. ಕಲ್ಲನ್ನು ನೆಡಬೇಕಾದುದಿಲ್ಲ, ಕಟ್ಟೆಯನ್ನು ಕಟ್ಟಬೇಕಾದುದಿಲ್ಲ, ಗಂಟೆಯನ್ನು ತೂಗಹಾಕಬೇಕಾದುದಿಲ್ಲ. ಒಂದಿಷ್ಟು ನೀರು, ಒಂದಿಷ್ಟು ಭಸ್ಮ, ಅಂಗೈಯೇ ಪೀಠ. ದೃಷ್ಟಿಯು ನೆಟ್ಟು ನಿಂತರೆ ದೀಪದ ಕೆಲಸವೂ ಅಷ್ಟರದೇ. ಪತ್ರೆಯು ಕೆಳಗೆ ಬಿದ್ದುದು ಸಿಕ್ಕರೆ ಏರಿಸಬಹುದು, ಕೊಂಬೆಯನ್ನು ಮುರಿಯುವ ಅಗತ್ಯವಿಲ್ಲ. ಸಿಗದಿದ್ದರೆ ಪತ್ರೆಯಿಲ್ಲದ ಪೂಜೆಯೇನೂ ಊನವಲ್ಲ. ಎದ್ದುಹೋದ ಮೇಲೆ ಅವನು ಅಲ್ಲಿ ಕುಳಿತಿದ್ದನೆಂಬುದಕ್ಕೆ ಗುರುತೇ ಇರುವುದಿಲ್ಲ. ಸ್ಥಳಕ್ಕೆ ಏನನ್ನೂ ಕೂಡಿಸದೆ, ಸ್ಥಳದಿಂದ ಏನನ್ನೂ ಕಳೆಯದೆ ಮಾಡಬಹುದಾದ ಈ ಪೂಜೆಯನ್ನು ಶರಣರು ಅಡವಿಯನ್ನು ಕಾಯುವ ಉದ್ದೇಶದಿಂದ ಹೇಳಿಕೊಟ್ಟರೆಂದಲ್ಲ. ಆದರೆ ಅಡವಿಗೆ ಅದು ಹೇಳಿ ಮಾಡಿಸಿದಂತಿದೆ. ಇಷ್ಟಾಗಿಯೂ ಇಷ್ಟಲಿಂಗವುಳ್ಳವರೇ ಗುಂಪಾಗಿ ಹೋಗಿ ಧ್ವನಿವರ್ಧಕವನ್ನು ಹಚ್ಚಿದರೆ ಅದಕ್ಕೆ ಏನೆನ್ನಬೇಕು?

ಮೂರನೆಯವನ ಸುದ್ದಿಯನ್ನು ಈಗ ಹೇಳಬೇಕು. ನಲ್ಲಮಲೆಯಲ್ಲಿ ಚೆಂಚುಗಳೆಂಬ ಜನರಿದ್ದಾರೆ. ಜೇನು, ಗೆಡ್ಡೆ, ಹಣ್ಣುಗಳನ್ನು ಕೂಡಿಸಿ, ಬಿಲ್ಲುಬಾಣ ಹಿಡಿದು ಬದುಕಿದವರು; ಶಿವನು ತಮ್ಮ ಕುಲದ ಹೆಣ್ಣನ್ನು ಮದುವೆಯಾದನೆಂದು ಹೇಳಿ ಮಲ್ಲಿಕಾರ್ಜುನನನ್ನು ಚೆಂಚುಮಲ್ಲಯ್ಯನೆಂದು ಕರೆಯುವವರು. ಕನ್ನಡಿಗರಿಗೆ ಭ್ರಮರಾಂಬೆಯು ಮಗಳಾದರೆ ಇವರಿಗೆ ಮಲ್ಲಯ್ಯನು ಅಳಿಯ! ಹೀಗೆ ಲೆಕ್ಕಹಾಕಿದರೆ ಬೀಗತನವೇ ಏರ್ಪಡುವುದು. ಹೊಳೆಯಾಚೆಯ ಕಾಡಿನಲ್ಲಿ, ಈಗಿನ ತೆಲಂಗಾಣಕ್ಕೆ ಸೇರಿದ ಕಡೆ, ಸಲೇಶ್ವರವೆಂಬ ಎಡೆಯಿದೆ. ಆಳವಾದ ಕಮರಿಯೊಳಗೆ ಜಲಪಾತದ ಬಳಿಯಲ್ಲಿರುವ ಲಿಂಗಕ್ಕೆ ಚೆಂಚುಗಳೇ ಪೂಜಾರಿಗಳು. ಚೈತ್ರದ ಹುಣ್ಣಿಮೆಯ ಸುತ್ತಿನ ಕೆಲವೇ ದಿನ ಅಲ್ಲಿಗೆ ಹೊರಗಿನವರನ್ನು ಬಿಡುತ್ತಾರೆ. ಆ ಕೆಲವು ದಿನಗಳಿಗೆ ಲಕ್ಷಗಟ್ಟಲೆ ಜನರು ನುಗ್ಗತೊಡಗಿದ ಮೇಲೆ ಆದುದೇನು? ೨೦೨೩ರ ಏಪ್ರಿಲಿನ ಜಾತ್ರೆಯಲ್ಲಿ ಆ ಇಕ್ಕಟ್ಟಾದ ದಾರಿಯ ಜನದಟ್ಟಣೆಯ ನಡುವೆ ಯಾತ್ರಿಕರು ಪ್ರಾಣವನ್ನು ಕಳೆದುಕೊಂಡರು. ಚೆಂಚುಗಳ ಕೆಲವು ಕುಟುಂಬಗಳಷ್ಟೇ ಇಳಿಯುತ್ತಿದ್ದ ಕಮರಿಯದು.

ಹೀಗೆ ಒಬ್ಬರ ಪೂಜಾಸ್ಥಾನಕ್ಕೆ ಉಳಿದವರು ಹಿಂಡುಗಟ್ಟಿ ನುಗ್ಗುವುದು ಈ ದೇಶದ ಕಷ್ಟ ಮಾತ್ರವಲ್ಲ. ಆಸ್ಟ್ರೇಲಿಯದ ನಡುನಾಡಿನಲ್ಲಿ ಉಲುರು ಎಂಬ ಕೆಂಪು ಬಂಡೆಯುಂಟು. ಅದು ಅನಂಗು ಎಂಬ ಮೂಲನಿವಾಸಿಗಳಿಗೆ ಪೂಜ್ಯವಾದುದು. ಪ್ರವಾಸಿಗರು ಸರಪಣಿಯನ್ನು ಹಿಡಿದು ಅದರ ನೆತ್ತಿಯನ್ನು ತುಳಿಯುವುದನ್ನು ದೊಡ್ಡ ಸಾಹಸವೆಂದೆಣಿಸಿದ್ದರು. ೧೯೮೫ರಲ್ಲಿ ಸರಕಾರವು ಆ ನೆಲದ ಒಡೆತನವನ್ನು ಅನಂಗುಗಳಿಗೆ ಹಿಂದಿರುಗಿಸಿತು. ದಯಮಾಡಿ ಹತ್ತಬೇಡಿರೆಂದು ಅವರು ವರ್ಷಗಟ್ಟಲೆ ಬೇಡಿಕೊಂಡರು. ಕಡೆಗೆ ೨೦೧೯ರ ಅಕ್ಟೋಬರ್ ೨೬ರಿಂದ ಹತ್ತುವುದೇ ನಿಂತಿತು. ಬಂಡೆಯ ಬುಡವನ್ನು ಸುತ್ತಿ ನಡೆಯುವುದಕ್ಕೆ ಅಡ್ಡಿಯಿಲ್ಲ. ಪ್ರದಕ್ಷಿಣೆಯನ್ನರಿತ ಭಾರತೀಯರಿಗೆ ಇದರ ಮರ್ಮವನ್ನು ಬಿಡಿಸಿಹೇಳಬೇಕಾಗಿಲ್ಲ. ಚೆಂಚುಗಳಿಗೆ ಅಂತಹ ಒಡೆತನವಿಲ್ಲ. ಅವರನ್ನು ಕೇಳಿ ಕಾಡಿಗೆ ಬರುವವರೂ ಇಲ್ಲ. ದಾರಿ ತೋರಿಸಲು, ಗಂಟು ಹೊರಲು ಅವರು ಬೇಕು. ಅವರ ಮಲ್ಲಯ್ಯನ ಕಥೆಯನ್ನು ಕುಳಿತು ಕೇಳುವವರು ಎಷ್ಟು ಮಂದಿ? ಕಾಡಿಗೆ ಹೋದ ಅಕ್ಕನವರು ಗಿಳಿಯನ್ನಾದರೂ ಕೇಳಿದರು.

ಕದಳಿಯ ಸುತ್ತಣ ಅಡವಿಗೆ ಮತ್ತೊಂದು ಕಾವಲೂ ಇದೆ. ೧೯೮೩ರಿಂದ ಅದು ಹುಲಿಗಳ ರಕ್ಷಿತಾರಣ್ಯ. ೨೦೧೪ರಲ್ಲಿ ರಾಜ್ಯವು ಎರಡಾದ ಮೇಲೆ ಹೊಳೆಯ ಬಡಗಣ ಭಾಗವು ಅಮ್ರಾಬಾದ್ ಎಂದು ಬೇರೆಯಾಯಿತು. ತೆಂಕಣ ಭಾಗವು ಈಗಲೂ ವಿಸ್ತಾರದಲ್ಲಿ ದೇಶದ ಹುಲಿಯ ಕಾಡುಗಳಲ್ಲೆಲ್ಲ ಹಿರಿದು. ಆದುದರಿಂದ ಬೆಂಕಿ ಹಚ್ಚಬಾರದು, ರಾತ್ರಿ ಹಾದಿಯನ್ನು ಬಿಟ್ಟು ತಿರುಗಬಾರದು, ಗೊತ್ತಾದ ದಿನಗಳಲ್ಲದೆ ಕಾಲುದಾರಿಗೆ ಕಾಲಿಡಬಾರದು ಎಂದು ಕಟ್ಟಳೆಗಳಿವೆ. ಇಷ್ಟಕಾಮೇಶ್ವರಿಯೆಂಬ ಕಾಡಿನ ನಡುವಣ ದೇವಿಯ ದರ್ಶನಕ್ಕೆ ಅನುಮತಿ ಪಡೆದ ಜೀಪುಗಳಲ್ಲಿಯೇ ಹೋಗಬೇಕು. ಶ್ರೀಶೈಲಕ್ಕೆ ಹೋಗುವ ಘಾಟಿನ ರಸ್ತೆಯಲ್ಲಿಯೇ ರಾತ್ರಿಯ ವೇಳೆ ಕಾಡಿನ ಗೇಟುಗಳನ್ನು ಮುಚ್ಚುತ್ತಾರೆ. ಇದನ್ನು ಕಂಡು ಪೂರ್ವಜರು ನಡೆದ ಹಾದಿಗೆ ಬೀಗ ಹಾಕಲು ಇವರಾರೆಂದು ಸಿಟ್ಟಾಗುವ ಭಕ್ತರುಂಟು. ಸಿಟ್ಟನ್ನು ಬದಿಗಿಟ್ಟು ನೋಡಿದರೆ ಇನ್ನೊಂದು ತೋರುವುದು. ಹಿಂದಿನ ಯಾತ್ರಾವಿಧಿಯಲ್ಲಿ ಒಪ್ಪತ್ತಿನ ಊಟ, ನೆಲದ ಮೇಲೆ ಮಲಗುವುದು, ಮಾತಿನ ಮಿತಿ, ಜೀವಹಿಂಸೆಯಿಲ್ಲದಿರುವುದು ಎಂದು ಕಟ್ಟುಗಳಿದ್ದವು. ಕಟ್ಟಿಲ್ಲದ ತಿರುಗಾಟಕ್ಕೆ ಯಾತ್ರೆಯೆಂಬ ಹೆಸರೇ ಇರಲಿಲ್ಲ. ಆ ಕಟ್ಟುಗಳನ್ನು 제ನರು ತಾವಾಗಿ ಸಡಿಲಿಸಿಕೊಂಡರು. ಈಗ ಹುಲಿಯ ನೆವದಿಂದ ಅವೇ ಬೇರೆ ವೇಷದಲ್ಲಿ ಮರಳಿ ಬಂದಿವೆ. ಬೆಂಕಿ ಹಚ್ಚದೆ ಬುತ್ತಿಯನ್ನುಂಡು, ಇರುಳಿನಲ್ಲಿ ಒಂದೆಡೆ ಕೂತು, ಸದ್ದುಮಾಡದೆ ನಡೆಯೆಂದು ಅರಣ್ಯದ ಕಾವಲುಗಾರನು ಹೇಳಿದರೆ ಗುರುವು ಹೇಳಿದ ನಿಯಮಕ್ಕೂ ಅದಕ್ಕೂ ಭೇದವೆಷ್ಟು?

ಆದರೂ ಭಕ್ತರ ಅಳಲಿನಲ್ಲಿ ಸುಳ್ಳಿಲ್ಲ. ದುಡ್ಡು ಕೊಟ್ಟವನಿಗೆ ಜೀಪೂ ದೋಣಿಯೂ ಸಿಗುತ್ತವೆ. ಕಂಬಿ ಹೊತ್ತು ಹದಿನೈದು ದಿನ ನಡೆದು ಬಂದ ಬಡವನು ಗೇಟಿನ ಮುಂದೆ ದಿನ ತುಂಬಿತೆಂಬ ಮಾತನ್ನು ಕೇಳಬೇಕಾಗಬಹುದು. ಕಾಡಿಗೆ ಭಾರವಾಗುವುದು ಯಂತ್ರವೋ ಬರಿಗಾಲೋ ಎಂದು ಕೇಳಿದರೆ ಮಗುವೂ ಉತ್ತರ ಹೇಳೀತು. ಜನರ ಸಂಖ್ಯೆಯನ್ನು ತಗ್ಗಿಸಲೇಬೇಕಾದ ಕಾಲ ಬಂದಲ್ಲಿ ಮೊದಲು ಯಂತ್ರದ ದಾರಿಯನ್ನು ಮುಚ್ಚಿ, ನಡೆಯುವವನ ದಾರಿಯನ್ನು ಕೊನೆಗೆ ಮುಚ್ಚುವುದು ನ್ಯಾಯ. ಇದನ್ನು ಮಠಗಳು ಅಧಿಕಾರಿಗಳ ಮುಂದೆ ಹೇಳಬೇಕು. ಹಾಗೆ ಹೇಳುವ ಬಾಯಿಗೆ ಬೆಲೆ ಬರಬೇಕಾದರೆ ತಮ್ಮ ಕಂಬಿಯ ಹಿಂದೆ ನಡೆಯುವವರು ಏನನ್ನು ಒಯ್ಯುತ್ತಾರೆ, ಏನನ್ನು ಬಿಟ್ಟುಬರುತ್ತಾರೆಂಬುದನ್ನು ಮಠಗಳೇ ಹೊರಡುವ ಮುನ್ನ ಗಂಟು ಬಿಚ್ಚಿಸಿ ನೋಡಬೇಕು. ಭಸ್ಮವನ್ನು ಕೊಡುವ ಕೈಯೇ ಒಂದು ತಂಬಿಗೆಯನ್ನೂ ಒಂದು ಕಟ್ಟು ಎಲೆಯನ್ನೂ ಕೊಟ್ಟರೆ ಬಹಳ ಖರ್ಚೇನೂ ಆಗದು.

ಯುಗಾದಿಯ ಗದ್ದಲವು ಮುಗಿದು, ವೀರಾಚಾರದ ಅಗ್ನಿಗುಂಡವು ಆರಿ, ಕಂಬಿಗಳು ಬಸ್ಸುಗಳ ನೆತ್ತಿಯನ್ನೇರಿ ಊರಿಗೆ ಮರಳಿದ ಮೇಲೆ ಕಾಲುದಾರಿಯು ಮತ್ತೆ ಎಲೆಯಡಿಗೆ ಸೇರುವುದು. ಜ್ಯೇಷ್ಠ ಆಷಾಢಗಳಲ್ಲಿ ಮಳೆಯಾಗುವುದು. ಸಹ್ಯಾದ್ರಿಯಲ್ಲಿ ಸುರಿದ ನೀರು ಕನ್ನಡನಾಡನ್ನೆಲ್ಲ ಹಾದು ಬಂದು ಪಾತಾಳಗಂಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರತೊಡಗುವುದು. ಸಂಗಮೇಶ್ವರದ ಗುಡಿಯು ಶಿಖರದವರೆಗೂ ಮುಳುಗುವುದು. ಹೊಳೆ ಕೆರಳಿದ ದಿನಗಳಲ್ಲಿ ದೋಣಿಗಳು ದಡಕ್ಕೆ ಕಟ್ಟಿದಲ್ಲಿಯೇ ನಿಲ್ಲುವವು. ಆಗ ಅಕ್ಕನ ಗವಿಯಲ್ಲಿ ಕರ್ಪೂರವಿಲ್ಲ, ಬೆಳಕಿಲ್ಲ, ಕಾಯುವವರ ಸಾಲಿಲ್ಲ; ಲಿಂಗವಿದೆ, ಕಲ್ಲಿನ ಕಮಾನಿನಿಂದ ತೊಟ್ಟಿಕ್ಕುವ ನೀರಿದೆ.